ಮೈದಾನ ಕಾಯುವ ಕಲ್ಲು

ವಿಮಾನ ನಿಲ್ದಾಣ

ನನ್ನ ಗಂಡನ ಬೂಟುಗಳನ್ನು ಮೆಲ್ಬರ್ನಿನ ವಿಮಾನ ನಿಲ್ದಾಣದಲ್ಲಿ ತೊಳೆದುಕೊಟ್ಟರು. ನಾನು ಕಂಡ ಪರದೇಶ ಶುರುವಾದದ್ದು ಅಲ್ಲಿಂದ.

ಬೂಟು ಅವರವು, ಹಾಕಿಕೊಂಡವಳು ನಾನು. "ಅತ್ತಿ, ಇಲ್ಲೆ ನಡದಾಡೂದು ಭಾಳ ಐತಿ. ಚಪ್ಪಲಿ ನಡ್ಯೂದಿಲ್ಲ, ಬೂಟ ಹಾಕ್ಕೊಂಡ ಬಾ" ಎಂದು ಸುವರ್ಣಾ ಫೋನಿನಲ್ಲಿ ತಾಕೀತು ಮಾಡಿದ್ದಳು. ಸುವರ್ಣಾ ನನ್ನ ಅಣ್ಣನ ಮಗಳು. ಮೂಡಲಗಿಯಲ್ಲಿ ಬೆಳೆದು, ಗೋಕಾಕದಲ್ಲಿ ನರ್ಸಿಂಗ್ ಕಲಿತು, ಈಗ ಮೆಲ್ಬರ್ನಿನ ಒಂದು ಆಸ್ಪತ್ರೆಯಲ್ಲಿದ್ದಾಳೆ. ನಮ್ಮವರು ತೀರಿಕೊಂಡ ಮೇಲೆ ನಾನು ಮನೆ ಬಿಟ್ಟು ಹೊರಗೆ ಬರುವುದಿಲ್ಲ ಎಂದು ಯಾರೋ ಅವಳಿಗೆ ಹೇಳಿದ್ದರು. ಟಿಕೆಟ್ ಕಳಿಸಿಯೇ ಬಿಟ್ಟಳು.

ಐವತ್ತೆಂಟು ವರ್ಷದಲ್ಲಿ ನಾನು ಬೂಟು ಹಾಕಿದವಳಲ್ಲ. ಬಾಗಿಲ ಹಿಂದೆ ನಮ್ಮವರ ಬಿಳಿ ಕ್ಯಾನ್ವಾಸ್ ಬೂಟು ಇದ್ದವು. ಹನ್ನೊಂದು ತಿಂಗಳಿಂದ ಅಲ್ಲೇ ಇದ್ದವು. ಕಸ ಗುಡಿಸುವಾಗ ಅವುಗಳ ಸುತ್ತ ಗುಡಿಸುತ್ತಿದ್ದೆ. ಮುಂಭಾಗಕ್ಕೆ ಒಂದಿಷ್ಟು ಹತ್ತಿ ತುರುಕಿ ಕಾಲಿಟ್ಟೆ. ಸರಿಯಾಗಿ ಕೂತವು.

ನಿಲ್ದಾಣದಲ್ಲಿ ಒಂದು ಚೀಟಿ ತುಂಬಿಸಿಕೊಂಡರು. ತಿನ್ನುವ ಪದಾರ್ಥ ಇದೆಯೇ ಎಂದು ಇತ್ತು. ಇದೆ ಎಂದು ಬರೆದೆ. ಗೋಕಾಕದ ಕರದಂಟು ಇಲ್ಲ ಎಂದು ಸುಳ್ಳು ಬರೆಯುವುದು ಹೇಗೆ? ಎತ್ತರದ ಒಬ್ಬ ಹುಡುಗಿ ಡಬ್ಬಿ ಬಿಚ್ಚಿಸಿ ನೋಡಿದಳು, ವಾಸನೆ ನೋಡಿದಳು, ನಕ್ಕು ಮುಚ್ಚಿದಳು. ಆಮೇಲೆ ಅವಳ ಕಣ್ಣು ನನ್ನ ಕಾಲಿನ ಕಡೆ ಹೋಯಿತು. ಬೂಟು ಬಿಚ್ಚಿ ಕೊಡಿ ಎಂದು ಕೈಸನ್ನೆ ಮಾಡಿದಳು. ಕೈಗವಸು ಹಾಕಿಕೊಂಡು ತಲೆಕೆಳಗು ಮಾಡಿದಳು. ಅಡಿಯ ಗೆರೆಗಳ ತುಂಬ ಕೆಂಪು ಮಣ್ಣು ಮೆತ್ತಿಕೊಂಡು ಒಣಗಿತ್ತು. ಅದು ನಮ್ಮೂರ ಮೈದಾನದ ಮಣ್ಣು. ಅವರು ಕೊನೆಯ ಸಲ ಹಾಕಿಕೊಂಡಾಗ ಹತ್ತಿದ್ದು.

ಅವಳು ಬೂಟು ತೆಗೆದುಕೊಂಡು ಒಳಗೆ ಹೋದಳು. ನಾನು ಬರಿಗಾಲಲ್ಲಿ ಬೆಂಚಿನ ಮೇಲೆ ಕೂತೆ. "ಮಣ್ಣು ಹಂಗ ಇರಲಿ" ಎಂದು ಹೇಳುವಷ್ಟು ಇಂಗ್ಲಿಷ್ ನನಗೆ ಬರುತ್ತಿರಲಿಲ್ಲ. ಬಂದಿದ್ದರೂ ಹೇಳುತ್ತಿರಲಿಲ್ಲವೇನೋ. ಸ್ವಲ್ಪ ಹೊತ್ತಿಗೆ ಅವಳು ತಿರುಗಿ ಬಂದು ನನ್ನ ಮುಂದೆ ಬೂಟು ಇಟ್ಟಳು. ಅಂಗಡಿಯಿಂದ ತಂದಂತೆ ಬೆಳ್ಳಗಿದ್ದವು. ಲಾಡಿ ಕೂಡ ನೆಟ್ಟಗೆ ಮಾಡಿದ್ದಳು.

ಹೊರಗೆ ಸುವರ್ಣಾ ಓಡಿ ಬಂದು ತಬ್ಬಿಕೊಂಡಳು. ಆಮೇಲೆ ಕೆಳಗೆ ನೋಡಿದಳು.

"ಅಯ್ಯ, ಹೊಸಾ ಬೂಟ ತೊಗೊಂಡೀಯಲ್ಲ ಅತ್ತಿ!"

"ಹಳೇವವ್ವ. ಇಲ್ಲೇ ತೊಳದ ಕೊಟ್ರು."

"ಎಷ್ಟ ರೊಕ್ಕ ತೊಗೊಂಡ್ರು?"

"ಪುಕಟ."

ಅವಳು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಕಾರಿನಲ್ಲಿ ಸ್ವಲ್ಪ ಅತ್ತೆ. ಆಮೇಲೆ ಚಹಾ ಎಲ್ಲಿ ಸಿಗುತ್ತದೆ ಎಂದು ಕೇಳಿದೆ.

ಬಿಟ್ಟು ಬಂದ ಮಾತು

ಮುಂದಿನದನ್ನು ಹೇಳುವ ಮೊದಲು ಊರಲ್ಲಿ ನಾನು ಏನು ಬಿಟ್ಟು ಬಂದಿದ್ದೆ ಎಂದು ಹೇಳಬೇಕು.

ಯಮಕನಮರಡಿಯಲ್ಲಿ ನಮ್ಮವರು ಆಟದ ಮಾಸ್ತರರಾಗಿದ್ದರು. ಹೆಣ್ಣುಮಕ್ಕಳಿಗೆ ಖೋ ಖೋ ಕಲಿಸುತ್ತಿದ್ದರು. ಶಾಲೆಗೆ ಸ್ವಂತ ಮೈದಾನ ಇರಲಿಲ್ಲ. ಊರ ಅಂಚಿನಲ್ಲಿ ಯಾರದೂ ಅಲ್ಲದ, ಎಲ್ಲರದೂ ಆದ ಒಂದು ತೆರೆದ ಜಾಗವಿತ್ತು. ಅದರ ಎದುರಿಗೇ ನಮ್ಮ ಮನೆ. ಹೊರಗಿನ ಪಡಸಾಲೆಯಲ್ಲಿ ನನ್ನ ಹೊಲಿಗೆ ಯಂತ್ರ. ಹುಡುಗಿಯರ ಅಂಗಿಯ ಬೆನ್ನ ಮೇಲಿನ ನಂಬರುಗಳನ್ನು ನಾನೇ ಕತ್ತರಿಸಿ ಹೊಲಿಯುತ್ತಿದ್ದೆ. ಒಳಗಿನ ಕೋಣೆಯಲ್ಲಿ ಹುಡುಗಿಯರು ಬಟ್ಟೆ ಬದಲಿಸುತ್ತಿದ್ದರು. ಸಂಜೆ ನಾಲ್ಕೂವರೆಗೆ ಮನೆಯಲ್ಲಿ ಗದ್ದಲವೋ ಗದ್ದಲ.

ಊರು ಬೆಳೆಯಿತು. ಹೆದ್ದಾರಿ ಬದಿಗೆ ಮನೆಗಳು ಬಂದವು. ಮನೆ ಕಟ್ಟುವವರು ಇಟ್ಟಂಗಿ, ಉಸುಕು, ಖಡಿ ಎಲ್ಲ ತಂದು ಮೈದಾನದಲ್ಲಿ ಸುರಿಯತೊಡಗಿದರು. ನಮ್ಮವರು ಕೇಳಿದರೆ, "ನಾಳಿ ತಗೀತೇವ್ರಿ ಮಾಸ್ತರ" ಎನ್ನುತ್ತಿದ್ದರು. ಇಲ್ಲಿ ಸಾಮಾನು ಹಾಕಬಾರದು ಎಂದು ಇವರು ಒಂದು ಬೋರ್ಡು ನಿಲ್ಲಿಸಿದರು. ಅದರ ಮೇಲೆ ಯಾರೋ ಕೌದಿ ಒಣಹಾಕಿದರು.

ಒಂದು ದಿನ ನಸುಕಿನಲ್ಲಿ ಎದ್ದು ಹೋದವರು ಕೈಬೆರಳೆಲ್ಲ ಕಿತ್ತಳೆ ಬಣ್ಣ ಮಾಡಿಕೊಂಡು ಬಂದರು. ರಸ್ತೆ ಬದಿಯ ಅಂಚಿನಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ನಿಂತಿತ್ತು. ಮಾರುತಿ ದೇವರಿಗೆ ಬಳಿಯುತ್ತಾರಲ್ಲ, ಆ ಶೇಂದೂರದ ಬಣ್ಣ ಅದರ ಮೈತುಂಬ.

"ಏನ್ರಿ ಇದು?" ಎಂದೆ.

"ಮೊದಲ ಸೀಮೆಎಣ್ಣಿ ಕೊಡು, ಕೈ ಒರಸ್ಕೋತೇನಿ. ಯಾರ ಮುಂದೂ ಬಾಯಿ ಬಿಡಬ್ಯಾಡ."

ವಾರದೊಳಗೆ ಇಟ್ಟಂಗಿ ಹೋದವು. ತಿಂಗಳೊಳಗೆ ಯಾರೋ ಕಾಯಿ ಒಡೆದರು. ಶನಿವಾರ ಎಲೆ ಪೂಜೆ ಶುರುವಾಯಿತು. ನಮ್ಮವರು ಜಗಲಿಯ ಮೇಲೆ ಕೂತು, "ಬೋರ್ಡ ಕಾಯಲಿಲ್ಲ, ಕಲ್ಲ ಕಾಯ್ತು ನೋಡು" ಎಂದು ಮೀಸೆಯಲ್ಲೇ ನಗುತ್ತಿದ್ದರು. ಈ ಗುಟ್ಟು ನಮ್ಮಿಬ್ಬರಲ್ಲೇ ಉಳಿದಿದೆ ಎಂದು ನಾನು ತಿಳಿದಿದ್ದೆ.

ಅವರು ಹೋದ ಮೇಲೆ ಗುರಸಿದ್ದಪ್ಪ ಕಾಕಾ ನಾಲ್ಕು ಜನರನ್ನು ಕರೆದುಕೊಂಡು ಬಂದರು. ಹೆದ್ದಾರಿಯ ಬಳಿ ಅವರದೊಂದು ಚಹಾದ ಹೋಟೆಲು, ಒಂದು ಟ್ರ್ಯಾಕ್ಟರು.

"ಅಕ್ಕಾರ, ಮಾಸ್ತರ ನೆನಪಿಗೆ ಆ ಮಾರುತಿಗೆ ಗುಡಿ ಕಟ್ಟೂಣಂತೇವಿ. ಮುಂದ ಫರಸಿ ಹಾಸಿದ ಅಂಗಳ, ಬಾಜೂಕ ಲಗ್ನದ ಹಾಲ್. ಪಾಯಾದ ಪೂಜಿ ನಿಮ್ಮ ಕೈಲೇ ಆಗಬೇಕ ನೋಡ್ರಿ."

ಗುಡಿ, ಅಂಗಳ, ಹಾಲು. ಲೆಕ್ಕ ಹಾಕಿದರೆ ಖೋ ಖೋ ಕಂಬಕ್ಕೂ ಜಾಗ ಉಳಿಯುತ್ತಿರಲಿಲ್ಲ. ಅದು ದೇವರಲ್ಲ ಎಂದರೆ ಸತ್ತ ಗಂಡನನ್ನು ಸುಳ್ಳುಗಾರ ಎಂದಂತೆ. ಹೌದು ಎಂದರೆ ಅವರ ಮೈದಾನವನ್ನು ನನ್ನ ಕೈಯಿಂದಲೇ ಮುಚ್ಚಿದಂತೆ. "ನೋಡೂಣ್ರಿ" ಎಂದೆ. ನಾನು ಜೀವಮಾನದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು ಅದು. ಅವರು ಅದನ್ನು ಹೂಂ ಎಂದು ತಿಳಿದುಕೊಂಡು, "ನೀವು ಆಸ್ಟ್ರೇಲಿಯಾದಿಂದ ಬಂದ ಮ್ಯಾಲ ಪೂಜಿ" ಎಂದು ಎದ್ದರು.

ತಂಡದ ನಾಯಕಿ ಮುಬೀನಾ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ಹಂಗಾದ್ರ ನಾವು ಎಲ್ಲೆ ಆಡೂದ್ರಿ, ಅಕ್ಕಾರ?"

ಅವಳಿಗೂ ಅದನ್ನೇ ಹೇಳಿದೆ. "ಬಂದ ಮ್ಯಾಲ ನೋಡೂಣವ್ವ."

ಮನುಷ್ಯರಿಗಿಂತ ಮೊದಲು ಬಂದ ಮೈದಾನ

ಸುವರ್ಣಾ ಇರುವುದು ಪಟ್ಟಣದ ಹೊರಗೆ, ಹೊಸದಾಗಿ ಬೆಳೆಯುತ್ತಿರುವ ಬಡಾವಣೆಯಲ್ಲಿ. ಅರ್ಧ ಮನೆಗಳಿಗೆ ಇನ್ನೂ ಛಾವಣಿ ಇಲ್ಲ. ಆದರೆ ಮೂಲೆಯಲ್ಲಿ ಒಂದು ದೊಡ್ಡ ಬಯಲಿಗೆ ತಂತಿ ಬೇಲಿ ಹಾಕಿ, ಎತ್ತರದ ಬೋರ್ಡು ನಿಲ್ಲಿಸಿದ್ದರು. ಅದರಲ್ಲಿ ಮರ, ಜಾರುಬಂಡೆ, ಚೆಂಡು ಒದೆಯುವ ಮಕ್ಕಳ ಚಿತ್ರ.

"ಏನ ಬರದಾರವ್ವ?"

"ಇಲ್ಲೆ ಪಾರ್ಕ್, ಆಟದ ಮೈದಾನ ಆಗತಾವಂತ. ನಿಮಗ ಏನೇನ ಬೇಕ ಅಂತ ಶನಿವಾರ ಬಂದು ಹೇಳ್ರಿ ಅಂದಾರ."

"ಮನಿಗೇ ಮ್ಯಾಲ್ಛಾವಣಿ ಇಲ್ಲ, ಮಂದಿ ಬಂದಿಲ್ಲ. ಯಾರನ್ನ ಕೇಳ್ತಾರ?"

"ಮಂದಿ ಬಂದ ಮ್ಯಾಲ ಜಾಗ ಹುಡುಕಿದ್ರ ಸಿಗತೈತೇನ ಅತ್ತಿ?"

ಗೋಕಾಕದ ಕಡೆ ನಮ್ಮ ಸಂಬಂಧಿಕರೊಬ್ಬರು ಪ್ಲಾಟು ಕೊಳ್ಳುವಾಗ ನಾನೂ ಜೊತೆಗೆ ಹೋಗಿದ್ದೆ. ನಕಾಶೆಯಲ್ಲಿ ಚೆಂದದ ಹಸಿರು ಚೌಕ ಒಂದಿತ್ತು. ಏಜೆಂಟ ಅದರ ಮೇಲೆ ಬೆರಳಿಟ್ಟು "ಇದು ಪಾರ್ಕ್ ರೀ" ಎಂದಿದ್ದ. ಹೋಗಿ ನೋಡಿದರೆ ಜಾಲಿಗಿಡ, ಕೆಟ್ಟುನಿಂತ ಎರಡು ಟೆಂಪೊ. ಹಸಿರು ಇದ್ದದ್ದು ಕಾಗದದಲ್ಲಿ ಮಾತ್ರ. ಇಲ್ಲಿ ಮನೆ ಕಟ್ಟಿ ಮಾರುವ ಕಂಪನಿಯವರು ಬಯಲಿಗೆ ಅಂತ ಜಾಗ ಬಿಡಲೇಬೇಕಂತೆ, ಇಲ್ಲವೇ ಅದಕ್ಕೆ ತಕ್ಕ ಹಣ ಕಟ್ಟಬೇಕಂತೆ. ಮನೆಯವರ ವರ್ಷದ ತೆರಿಗೆಯಲ್ಲೂ ಒಂದು ಪಾಲು ಮೈದಾನಕ್ಕೆ ಹೋಗುತ್ತದಂತೆ. ಇದನ್ನೆಲ್ಲ ಸುವರ್ಣಾ ನಡೆಯುತ್ತ ನಡೆಯುತ್ತ ಹೇಳಿದಳು.

ಅಷ್ಟರಲ್ಲಿ ಕಪ್ಪು ಬಿಳುಪಿನ ಒಂದು ಹಕ್ಕಿ ಬಂದು ನನ್ನ ತಲೆಗೆ ಬಡಿದು ಹೋಯಿತು. ನಾನು ಚೀರಿ ತಲೆ ತುಂಬ ಸೆರಗು ಹೊದ್ದೆ. ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ಮೈತೊಳೆದು ಶಾಂತಿ ಮಾಡಿಸುತ್ತೇವೆ. ಇಲ್ಲಿ ಆ ಹಕ್ಕಿಗಾಗಿ ಒಂದು ಫಲಕವನ್ನೇ ಹಾಕಿದ್ದರು: ಗೂಡಿನಲ್ಲಿ ಮರಿ ಇವೆ, ದಯವಿಟ್ಟು ಆಚೆ ದಾರಿಯಿಂದ ಹೋಗಿ. ಎದುರಿನಿಂದ ಒಬ್ಬ ಮುದುಕ ಸೈಕಲ್ಲಿನ ಶಿರಸ್ತ್ರಾಣ ಹಾಕಿಕೊಂಡು ಬರುತ್ತಿದ್ದ. ಅದರ ತುಂಬ ಪ್ಲಾಸ್ಟಿಕ್ ಕಡ್ಡಿ ನಿಲ್ಲಿಸಿಕೊಂಡು ಮುಳ್ಳುಹಂದಿಯಂತೆ ಕಾಣುತ್ತಿದ್ದ. ಹಕ್ಕಿ ಹತ್ತಿರ ಬರಬಾರದು ಎಂದು ಈ ವೇಷ. ನನ್ನ ಸೆರಗು ಕಂಡು ಅವನು, ಅವನ ತಲೆ ಕಂಡು ನಾನು, ಇಬ್ಬರೂ ನಗು ತಡೆದುಕೊಂಡು ದಾಟಿದೆವು.

ಹುಲ್ಲಿನಲ್ಲಿ ಮಾರುತಿ

ನಾಲ್ಕನೆಯ ಬೆಳಿಗ್ಗೆ ಸುವರ್ಣಾ ಕೆಲಸಕ್ಕೆ ಹೋದ ಮೇಲೆ ನಾನೊಬ್ಬಳೇ ತಿರುಗಾಡಲು ಹೊರಟೆ. ಆ ಬಯಲಿನ ಒಂದು ಬದಿಗೆ ಬೇಲಿ ಇರಲಿಲ್ಲ, ಕಾಲುದಾರಿ ಇತ್ತು. ಮಂಡಿಯುದ್ದ ಹುಲ್ಲು, ನಡುವೆ ಅಲ್ಲಲ್ಲಿ ಕರಿಕಲ್ಲು. ನಾಲ್ಕು ಹೆಜ್ಜೆ ಇಟ್ಟವಳು ನಿಂತುಬಿಟ್ಟೆ.

ಮೊಣಕಾಲೆತ್ತರದ ಒಂದು ಕಲ್ಲು. ಮೈತುಂಬ ಕಿತ್ತಳೆ ಬಣ್ಣ. ಸುತ್ತ ಒಂದು ಕೆಂಪು ರಿಬ್ಬನ್ನು ಕಟ್ಟಿತ್ತು.

 ಇಷ್ಟು ದೂರ ನಮ್ಮವರ್ಯಾರೋ ಬಂದು ಮಾರುತಿಯನ್ನು ಕೂರಿಸಿದ್ದಾರೆ! ಬೂಟು ಬಿಚ್ಚಿ ಬದಿಗಿಟ್ಟೆ. ಇಬ್ಬನಿಯ ಹುಲ್ಲಿನ ಮೇಲೆ ನಿಂತು ಕೈಮುಗಿದೆ. ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಬೆರಳಿಗೆ ಸ್ವಲ್ಪ ಬಣ್ಣವೂ ಬಂತು. ಊರನ್ನು, ಮುಬೀನಾಳನ್ನು, ಆ ಪೂಜೆಯನ್ನು ನೆನೆದು, ನನಗೊಂದು ದಾರಿ ತೋರಿಸಪ್ಪ ಎಂದು ಬೇಡಿಕೊಂಡೆ.

ಹಿಂದಿನಿಂದ ಯಾರೋ ಕೆಮ್ಮಿದರು. ಆ ಮುಳ್ಳುಹಂದಿಯ ಮುದುಕ. ನನಗೆ ಏನಾದರೂ ಆಗಿದೆಯೇ ಎಂದು ಅವನು ಕೇಳಿರಬೇಕು. ನಾನು ಕಲ್ಲನ್ನು ತೋರಿಸಿ, "ಗಾಡ್. ಮಾರುತಿ ಗಾಡ್" ಎಂದೆ.

ಅವನು ಕಲ್ಲು ನೋಡಿದ, ನನ್ನನ್ನು ನೋಡಿದ. ಆಮೇಲೆ ಮೆಲ್ಲಗೆ ತನ್ನ ಶಿರಸ್ತ್ರಾಣ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಸುಮ್ಮನೆ ತಲೆ ತಗ್ಗಿಸಿ ನಿಂತ. ಹಕ್ಕಿ ಬಂದು ಅವನ ಬೋಳುತಲೆಗೆ ಒಂದು ಕೊಟ್ಟುಹೋಯಿತು. ಆದರೂ ಹಾಕಿಕೊಳ್ಳಲಿಲ್ಲ. ಆ ಮನುಷ್ಯನ ಮೇಲೆ ನನಗೆ ಅಂದೇ ಗೌರವ ಹುಟ್ಟಿತು. ಹೆಸರು ಗ್ರೇಮ್. ಪಕ್ಕದ ಹಳೆಯ ಬಡಾವಣೆಯ ಮೈದಾನದಲ್ಲಿ ಗೆರೆ ಹಾಕುವ ಕೆಲಸವನ್ನು ಸಂಬಳವಿಲ್ಲದೆ ಮಾಡಿಕೊಂಡು ಬಂದವನು.

ನಾನು ಸುವರ್ಣಾಳಿಗೆ ಫೋನು ಹಚ್ಚಿ ಅವನ ಕೈಗೆ ಕೊಟ್ಟೆ. ಇಬ್ಬರೂ ಮಾತಾಡಿದರು. ಫೋನು ನನ್ನ ಕೈಗೆ ಬಂದಾಗ ಅವಳಿಗೆ ನಗು ತಡೆಯಲು ಆಗುತ್ತಿರಲಿಲ್ಲ.

"ಅತ್ತಿ, ಅದು ದೇವರಲ್ಲ. ಮಶೀನ್ ನಡಸಾಂವಗ ಗುರುತ ಹಾಕ್ಯಾರ. ಮುಂದಿನ ವಾರ ಆ ಕಲ್ಲ ಕೀಳ್ತಾರಂತ."

ನಾನು ಅಲ್ಲೇ ಹುಲ್ಲಿನಲ್ಲಿ ಕೂತುಬಿಟ್ಟೆ. ಹನ್ನೊಂದು ತಿಂಗಳಲ್ಲಿ ನಾನು ಹಾಗೆ ನಕ್ಕಿರಲಿಲ್ಲ. ನಾನು ಯಾರ ಹೆಂಡತಿ! ಬಣ್ಣದ ಕೈ ಒರೆಸಲು ಸೀಮೆಎಣ್ಣೆ ಕೊಟ್ಟವಳು ನಾನು. ಮಾಡುವ ಬಗೆ ಕಣ್ಣಾರೆ ಕಂಡವಳೇ ಬೂಟು ಬಿಚ್ಚಿ ನಿಂತೆನಲ್ಲ! ನಮ್ಮವರು ಇದ್ದಿದ್ದರೆ ಇದನ್ನು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದರು. ಗ್ರೇಮನಿಗೆ ಏನೂ ತಿಳಿಯದಿದ್ದರೂ ಅವನೂ ನಕ್ಕ.

ನಗು ನಿಂತ ಮೇಲೆ ಒಂದು ಮಾತು ಕೇಳಬೇಕೆನ್ನಿಸಿತು. "ಸುವರ್ಣಾ, ಕಿತ್ತು ಎಲ್ಲೆ ಒಗೀತಾರಂತ ಕೇಳು."

"ಒಗ್ಯೂದಿಲ್ಲಂತ ಅತ್ತಿ. ದಂಡಿಗೆ ಗಿಡದ ಬುಡಕ ಇಡ್ತಾರಂತ. ನೆರಳಾಗ ಮಂದಿ ಕುಂಡ್ರಾಕ."

ಶನಿವಾರದ ಟಿಕಳಿ

ಶನಿವಾರ ಸಮುದಾಯ ಭವನದಲ್ಲಿ ಜನ ಸೇರಿದ್ದರು. ಗೋಡೆಯುದ್ದಕ್ಕೂ ಚಿತ್ರಗಳು: ಕ್ರಿಕೆಟ್ ಬಲೆ, ದೀಪದ ಕಂಬ, ನೆರಳಿನ ಮರ, ಸ್ಕೇಟಿಂಗಿನ ಇಳಿಜಾರು, ನಾಯಿಗಳಿಗೆ ಬೇಲಿ ಹಾಕಿದ ಅಂಗಳ, ಹೆಣ್ಣುಮಕ್ಕಳು ಬಟ್ಟೆ ಬದಲಿಸುವ ಕೋಣೆ. ಬಾಗಿಲಲ್ಲಿ ಒಬ್ಬ ಹುಡುಗಿ ಎಲ್ಲರಿಗೂ ಒಂದೊಂದು ಚೀಟಿ ಕೊಡುತ್ತಿದ್ದಳು. ನನ್ನ ಮುಂದೆಯೂ ಹಿಡಿದಳು. ಚೀಟಿಯ ಮೇಲೆ ಐದು ಕೆಂಪು ಟಿಕಳಿ. ನಮ್ಮ ಬಳೆ ಅಂಗಡಿಯಲ್ಲಿ ಹಣೆಗೆ ಹಚ್ಚಲು ಕೊಡುತ್ತಾರಲ್ಲ, ಅಂಥವೇ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. "ನನಗ ಬ್ಯಾಡವ್ವ" ಎಂದು ಬಾಯಿಂದ ಬಂದೇ ಬಂತು. ಹನ್ನೊಂದು ತಿಂಗಳಿಂದ ಅರಿಶಿನ ಕುಂಕುಮದ ತಟ್ಟೆ ನನ್ನನ್ನು ದಾಟಿ ಪಕ್ಕದವರ ಕಡೆ ಹೋಗುವುದು ರೂಢಿಯಾಗಿತ್ತು. ಅದರಲ್ಲಿ ಯಾರದೂ ಕೆಟ್ಟ ಮನಸ್ಸಿರಲಿಲ್ಲ, ಹಾಗೆಯೇ ನಡೆದುಕೊಂಡು ಬಂದದ್ದು.

ಸುವರ್ಣಾ ಮೊದಲು ನಗಲು ಹೋಗಿ, ನನ್ನ ಮುಖ ನೋಡಿ ಸುಮ್ಮನಾದಳು. "ಹಣಿಗಲ್ಲ ಅತ್ತಿ. ನಿನಗ ಯಾವುದು ಬೇಕನಸ್ತೈತಿ, ಆ ಚಿತ್ರಕ್ಕ ಹಚ್ಚೂದು. ಒಬ್ಬೊಬ್ಬರಿಗೆ ಐದು."

"ನಾ ಈ ಊರಾಕಿ ಅಲ್ಲಲ್ಲ."

ಸುವರ್ಣಾ ಆ ಹುಡುಗಿಯನ್ನು ಕೇಳಿದಳು. ಇಲ್ಲಿ ನಡೆದಾಡುವವರೆಲ್ಲ ಹಚ್ಚಬಹುದು, ನೆಂಟರೂ ಹಚ್ಚಬಹುದು ಎಂದಳಂತೆ. ಕೈ ಚಾಚಿ ತೆಗೆದುಕೊಂಡೆ.

ಸಭೆಯಲ್ಲಿ ವಾದ ಜೋರಾಗಿತ್ತು. ಹಣ ಒಮ್ಮೆಲೇ ಬರುವುದಿಲ್ಲ, ವರ್ಷ ವರ್ಷ ಬರುತ್ತದೆ, ಈಗ ದೀಪದ ಕಂಬ ಬೇಕೆಂದರೆ ಕೋಣೆ ಮುಂದಕ್ಕೆ ಹೋಗುತ್ತದೆ, ಎಲ್ಲವೂ ಮೊದಲು ಆಗುವುದಿಲ್ಲ ಎಂದು ನಗರಸಭೆಯ ಕಚೇರಿಯವರು ಬಿಡಿಸಿ ಹೇಳಿದರು. ಆಗ ಟಿಕಳಿಯ ಬೆಲೆ ಎಲ್ಲರಿಗೂ ಗೊತ್ತಾಯಿತು. ನಾಯಿ ಎತ್ತಿಕೊಂಡು ಬಂದ ಒಬ್ಬ ಹೆಂಗಸು ನಾಯಿಯ ಅಂಗಳವೇ ಮೊದಲು ಎಂದು ಹಟ ಹಿಡಿದಳು. ನಮ್ಮಲ್ಲಿ ನಾಯಿ ಮೈದಾನದ ನಡುವೆ ಮಲಗಿರುತ್ತದೆ, ಆಟಗಾರರೇ ಸುತ್ತು ಹಾಕಿ ಓಡುತ್ತಾರೆ. ಇಷ್ಟಾದರೂ ಒಬ್ಬರು ಮಾತಾಡುವಾಗ ಇನ್ನೊಬ್ಬರು ಕೈ ಎತ್ತಿ ಕಾಯುತ್ತಿದ್ದರು. ನಮ್ಮ ಸಭೆಯಲ್ಲಿ ಯಾರಾದರೂ ಕೈ ಎತ್ತಿದರೆ ನಡುವೆ ಬಿದ್ದು ಬಿಡಿಸಬೇಕಾಗುತ್ತದೆ.

ಗ್ರೇಮ್ ಎದ್ದು ನಿಂತು ಹುಡುಗಿಯರ ಕೋಣೆಯ ಪರ ಮಾತಾಡಿದ. ಅವನ ಮೊಮ್ಮಗಳು ಕಾರಿನೊಳಗೆ ಟವೆಲ್ ಅಡ್ಡ ಹಿಡಿದು ಬಟ್ಟೆ ಬದಲಿಸುತ್ತಾಳಂತೆ. ನಾನು ಎದ್ದು ಹೋಗಿ ನಾಲ್ಕು ಟಿಕಳಿಯನ್ನು ಆ ಕೋಣೆಗೇ ಹಚ್ಚಿದೆ. ಚೀಟಿ ಕೊಟ್ಟ ಹುಡುಗಿ ಬಂದು, ಯಾಕೆ ನಾಲ್ಕೂ ಅಲ್ಲೇ ಎಂದು ಕೇಳಿದಳು. ಸುವರ್ಣಾ ಉತ್ತರ ಹೇಳಲು ಬಾಯಿ ತೆರೆದಳು. ನಾನು ತಡೆದೆ. "ನಾ ಹೇಳ್ತೇನಿ, ನೀ ಇಂಗ್ಲಿಷಿನ್ಯಾಗ ಹೇಳು."

"ನಮ್ಮೂರಾಗ ಹುಡುಗ್ಯಾರು ನಮ್ಮ ಮನ್ಯಾಗ ಅರಿವಿ ಬದಲಸ್ತಾರ. ಮೈದಾನ ಇರೂದಕ್ಕ ಮನಿಗೆ ಬರ್ತಾರ. ಮೈದಾನ ಹೋದ್ರ ಅವರು ಬರೂದಿಲ್ಲ. ಆಮ್ಯಾಲ ಆ ಮನ್ಯಾಗ ನಾ ಒಬ್ಬಾಕಿ."

ಹೇಳಿ ಮುಗಿಸಿದ ಮೇಲೆ ನನಗೇ ಆಶ್ಚರ್ಯವಾಯಿತು. ಇದನ್ನು ನಾನು ಊರಲ್ಲಿ ಯಾರಿಗೂ ಹೇಳಿರಲಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ.

ಬೇರೆ ಏನಾದರೂ ಬೇಕಾದರೆ ಬರೆಯಿರಿ ಎಂದು ಒಂದು ಖಾಲಿ ಹಾಳೆ ಇತ್ತು. ಅದರಲ್ಲಿ ಎರಡು ಕಂಬ, ನಡುವೆ ಎಂಟು ಚೌಕ ಬರೆದು ಐದನೆಯ ಟಿಕಳಿ ಹಚ್ಚಿದೆ. ಇದೇನು ಎಂದು ನಾಲ್ಕು ಜನ ಕೂಡಿದರು. ಬಾಯಿಂದ ಹೇಳಿ ತಿಳಿಸುವ ಆಟವಲ್ಲ ಅದು. ಹೊರಗೆ ಹುಲ್ಲಿನ ಮೇಲೆ ಸುವರ್ಣಾಳನ್ನು, ಗ್ರೇಮನನ್ನು, ಆರು ಮಕ್ಕಳನ್ನು ಸಾಲಾಗಿ ಕೂರಿಸಿದೆ. ಒಬ್ಬರ ಮುಖ ಆಚೆ, ಒಬ್ಬರ ಮುಖ ಈಚೆ. ನನ್ನ ಚೀಲದಲ್ಲಿ ನಮ್ಮವರ ಸೀಟಿ ಇತ್ತು. ತಂದದ್ದು ಯಾಕೆಂದು ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಊದಿದೆ. ಬೆನ್ನಿಗೆ ತಟ್ಟಿ "ಖೋ" ಎನ್ನುವುದನ್ನು ಮಕ್ಕಳು ಒಂದೇ ನಿಮಿಷದಲ್ಲಿ ಕಲಿತರು. ಗ್ರೇಮನಿಗೆ ಎದ್ದೇಳಲು ಒಂದು ನಿಮಿಷ ಬೇಕಾಯಿತು. ನಾಯಿ ಎರಡೂ ತಂಡದ ಪರವಾಗಿ ಓಡಿತು.

ಮಿರ್ಚಿ ಭಜಿ ಮತ್ತು ಮಶೀನು

ಚೆಂಡು, ಬಲೆ, ಗೆರೆಯ ಬಣ್ಣದಂಥ ಸಣ್ಣ ಖರ್ಚಿಗೆ ಅಲ್ಲಿ ತಂದೆತಾಯಂದಿರು ಭಾನುವಾರ ಹಳೆಯ ಮೈದಾನದ ಬದಿಗೆ ಒಲೆ ಹೂಡಿ ತಿಂಡಿ ಮಾರುತ್ತಾರೆ. ವೈದ್ಯನಾದವನೂ ಅಲ್ಲಿ ಉಳ್ಳಾಗಡ್ಡಿ ಹೆಚ್ಚುತ್ತಾನೆ. ಸುಮ್ಮನೆ ಕೂರಲಾಗದೆ ನಾನು ಮಿರ್ಚಿ ಭಜಿ ಮಾಡುತ್ತೇನೆ ಎಂದೆ. ಗ್ರೇಮ್ ಒಂದು ತಿಂದ. ಕಿವಿ ಕೆಂಪಾಯಿತು, ಕಣ್ಣಿನಿಂದ ನೀರು ಇಳಿಯಿತು, ಎರಡು ಲೋಟ ನೀರು ಕುಡಿದ. ಆಮೇಲೆ ಇನ್ನೊಂದು ಕೊಡಿ ಎಂದು ಕೈ ಒಡ್ಡಿದ. "ಇಂವ ಹಿಂದಿನ ಜನ್ಮದಾಗ ಹುಕ್ಕೇರಿಯಾಂವ ಇರಬೇಕು" ಎಂದೆ. ಸುವರ್ಣಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಹುಕ್ಕೇರಿ ಎಂದರೇನು ಎಂದು ತಿಳಿಯದಿದ್ದರೂ ಅವನಿಗೆ ಬಹಳ ಹೆಮ್ಮೆಯಾಯಿತು.

ನಾನು ಹೊರಡುವ ಎರಡು ದಿನ ಮೊದಲು ಮಶೀನು ಬಂತು. ಹೋಗಿ ನೋಡಿದೆ. ಕಲ್ಲಿನ ಸುತ್ತ ಪಟ್ಟಿ ಹಾಕಿ, ಮಲಗಿದ ಮಗುವನ್ನು ಎತ್ತುವ ಹಾಗೆ ಎತ್ತಿ, ಅಂಚಿನ ಮರದ ಬುಡಕ್ಕೆ ಇಳಿಸಿದರು. ಕಿತ್ತಳೆ ಬಣ್ಣದ ಮಗ್ಗುಲು ಮೈದಾನದ ಕಡೆಗೇ ಬಂತು. ಗ್ರೇಮ್ ಹೋಗಿ ಅದರ ಮೇಲೆ ಕೂತು ನನ್ನನ್ನೂ ಕರೆದ. ಒಮ್ಮೆ ಕೈಮುಗಿದ ಕಲ್ಲಿನ ಮೇಲೆ ಕೂರಲು ನನಗೆ ಮನಸ್ಸಾಗಲಿಲ್ಲ. ಪಕ್ಕದಲ್ಲಿ ನಿಂತುಕೊಂಡೆ.

ಮರಳಿ ಯಮಕನಮರಡಿ

ನಾನು ಬಂದ ಮೂರನೆಯ ದಿನ ಗುರಸಿದ್ದಪ್ಪ ಕಾಕಾ ಜನರನ್ನು ಕರೆದುಕೊಂಡು, ತೆಂಗಿನಕಾಯಿ, ಊದಿನಕಡ್ಡಿ ಹಿಡಿದುಕೊಂಡು ಬಂದೇಬಿಟ್ಟರು. ಮುಬೀನಾ ಮತ್ತು ತಂಡದ ಹುಡುಗಿಯರು ಗೋಡೆಗೆ ಒರಗಿ ನಿಂತಿದ್ದರು. 

"ನಡೀರಿ ಅಕ್ಕಾರ, ಹೊತ್ತ ಆತು" ಎಂದರು ಕಾಕಾ.

"ಮೊದಲ ಕುಂಡ್ರಿ. ಒಂದ ಮಾತೈತಿ."

ನಿಂತುಕೊಂಡೇ ಹೇಳಿದೆ. ಕೂತರೆ ಧೈರ್ಯ ಇಳಿದುಹೋಗುತ್ತಿತ್ತು. "ಅದು ದೇವರ ಕಲ್ಲಲ್ಲರಿ. ಇಟ್ಟಂಗಿ ಹಾಕಬಾರದಂತ ನಮ್ಮವರೇ ನಸುಕಿನ್ಯಾಗ ನಿಲ್ಲಿಸಿ, ಬಣ್ಣಾ ಹಚ್ಚಿದ್ರು. ಕೈ ಒರಸ್ಕೊಳ್ಳಾಕ ಸೀಮೆಎಣ್ಣಿ ನಾ ಕೊಟ್ಟೇನಿ. ಹುಡುಗ್ಯಾರು ಆಡಲೆಂತ ಮಾಡಿದ್ದು. ಅದರ ಹೆಸರಲೇ ಮೈದಾನ ಮುಚ್ಚೂದು ನನಗ ಬ್ಯಾಡ. ತಪ್ಪಾಗಿದ್ರ ಅವರಿಗೆ ಅನಬ್ಯಾಡ್ರಿ, ನನಗ ಅನ್ರಿ."

  ಗುರಸಿದ್ದಪ್ಪ ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಅಕ್ಕಾರ, ಅಷ್ಟ ದೊಡ್ಡ ಕಲ್ಲ ಮಾಸ್ತರ ಒಬ್ಬರೇ ಹೆಂಗ ಹೊತ್ತ ತಂದ್ರಂತ ಎಂದಾದ್ರೂ ವಿಚಾರ ಮಾಡೀರೇನ?"

ಮಾಡಿರಲಿಲ್ಲ. ಖರೆ ಹೇಳಬೇಕೆಂದರೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ.

"ನನ್ನ ಟ್ರ್ಯಾಕ್ಟರನ್ಯಾಗರಿ! ನಾನೂ ಅವರೂ ಕೂಡಿ ಇಳಿಸಿದ್ವಿ. ನನ್ನ ನಡಾ ಹಿಡದಿದ್ದು ಇನ್ನೂ ಬಿಟ್ಟಿಲ್ಲ."

"ಬಣ್ಣದ ಡಬ್ಬಿ ನನ್ನ ಅಂಗಡೀದು" ಎಂದು ಮೂಲೆಯಿಂದ ಮುಬೀನಾಳ ಅಪ್ಪ ಮೆಲ್ಲಗೆ ಹೇಳಿದರು. ಅವರದು ಬಳೆ, ಬಣ್ಣ, ಪಾಟಿಪುಸ್ತಕ ಎಲ್ಲ ಸೇರಿದ ಅಂಗಡಿ. "ಕೇಸರಿ ಕೊಡು, ಯಾಕಂತ ಕೇಳಬ್ಯಾಡ ಅಂದಿದ್ರು. ನಾ ಕೇಳಲಿಲ್ಲ. ಮರುದಿನ ನೋಡಿದೆ, ತಿಳೀತು."

"ಹಂಗಾದ್ರ ಎಲ್ಲಾರಿಗೂ ಗೊತ್ತಿತ್ತು? ಮತ್ತ ಸುಮ್ನ ಯಾಕ ಇದ್ರಿ?"

"ನಿಮಗ ಗೊತ್ತಿಲ್ಲಂತ ತಿಳದಿದ್ವಿ" ಎಂದರು ಕಾಕಾ. "ನೀವಂತೂ ದೇವರಂತ ನಂಬೀರಿ, ಮಾಸ್ತರು 'ಯಾರ ಮುಂದೂ ಹೇಳಬ್ಯಾಡ' ಅಂದಾರ. ಅವರು ಹೋದ ಮ್ಯಾಲ ನಿಮ್ಮ ಮನಸ್ಸ ಯಾಕ ನೋಯಿಸೂದಂತ..."

"ಮತ್ತ ಗುಡಿ?"

"ನಿಮ್ಮ ಮನಸ್ಸಿಗೆ ಸಮಾಧಾನ ಆಗಲೆಂತ ಕೇಳಿದ್ವಿ, ನೀವು 'ನೋಡೂಣ್ರಿ' ಅಂದ್ರಲ್ಲ! ಬ್ಯಾಡ ಅನಲಿಲ್ಲ. ಅಕ್ಕಾರಿಗೆ ಬೇಕಾಗೇತಂತ ಊರ ಮಂದಿ ಎಲ್ಲಾ ತಯಾರಾತು."

ಮೊದಲು ನಕ್ಕವಳು ಮುಬೀನಾ. ಬಾಯಿಗೆ ದುಪಟ್ಟಾ ಒತ್ತಿಕೊಂಡಿದ್ದಳು, ಆದರೂ ಹೊರಬಿತ್ತು. ಆಮೇಲೆ ಎಲ್ಲರೂ ನಕ್ಕರು. ನಾನೂ ನಕ್ಕೆ.

ಮಾತು ಅಲ್ಲಿಗೇ ಮುಗಿಯಲಿಲ್ಲ. ಇಬ್ಬರು ಹಿರಿಯರು, ಕಲ್ಲು ಹೇಗೇ ಬಂದಿರಲಿ, ಇಷ್ಟು ವರ್ಷ ಕಾಯಿ ಒಡೆದ ಮೇಲೆ ಅದು ದೇವರೇ, ಕೀಳಬಾರದು ಎಂದರು. ಅದೂ ಸುಳ್ಳೆನ್ನಲು ನನಗೆ ಆಗಲಿಲ್ಲ. ನಾನೂ ಒಂದು ಕಲ್ಲಿನ ಮೇಲೆ ಕೂರಲಾರದೆ ಬಂದವಳು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಮೈದಾನದ ಚಿತ್ರ ಬರೆದು, ಖೋ ಖೋ ಚೌಕ, ಗುಡಿ, ಹುಡುಗಿಯರಿಗೊಂದು ಕೋಣೆ, ಮೂಲೆಯಲ್ಲಿದ್ದ ಬೇವಿನ ಗಿಡ ಎಲ್ಲ ತೋರಿಸಿ ಗೋಡೆಗೆ ಹಚ್ಚಿದೆ. ಮುಬೀನಾಳ ಅಪ್ಪನ ಅಂಗಡಿಯಿಂದ ಟಿಕಳಿಯ ಪಾಕೀಟು ತರಿಸಿ ಒಬ್ಬೊಬ್ಬರಿಗೆ ಐದು ಹಂಚಿದೆ. ಗಂಡಸರು ಬೆರಳ ತುದಿಗೆ ಟಿಕಳಿ ಅಂಟಿಸಿಕೊಂಡು ಏನು ಮಾಡಬೇಕೆಂದು ತಿಳಿಯದೆ ನಿಂತದ್ದು ನೋಡಬೇಕಿತ್ತು. ಒಬ್ಬ ಅಜ್ಜಿ ಒಂದನ್ನು ಹಣೆಗೆ ಹಚ್ಚಿಕೊಂಡು ಉಳಿದ ನಾಲ್ಕನ್ನು ಸೊಂಟದ ಚೀಲಕ್ಕೆ ಸೇರಿಸಿದಳು. ತಂಡದ ಹುಡುಗಿಯರು ಸಾಲಾಗಿ ಬಂದು ಖೋ ಖೋ ಚೌಕದ ಮೇಲೆಯೇ ಹಚ್ಚಿದರು. ಗುರಸಿದ್ದಪ್ಪ ಕಾಕಾ ಮೂರನ್ನು ಹುಡುಗಿಯರ ಕೋಣೆಗೆ, ಎರಡನ್ನು ಮೂಲೆಯ ಬೇವಿನ ಗಿಡಕ್ಕೆ ಹಚ್ಚಿ, "ಮಾರುತಿ ಅಲ್ಲಿ ನೆರಳಾಗ ಇರಲಿ. ಅಲ್ಲಿಂದ ಆಟಾ ಚೊಲೊ ಕಾಣತೈತಿ" ಎಂದರು.

ಮುಂದಿನ ಶನಿವಾರ ಅದೇ ಟ್ರ್ಯಾಕ್ಟರಿನಲ್ಲಿ ಕಲ್ಲು ಬೇವಿನ ಬುಡಕ್ಕೆ ಹೋಯಿತು. ಸುತ್ತ ಒಂದು ಸಣ್ಣ ಕಟ್ಟೆ ಕಟ್ಟಿದರು. ಎಲೆ ಪೂಜೆ ಅಲ್ಲೇ ನಡೆಯುತ್ತಿದೆ. ಟಿಕಳಿಯ ಕ್ಯಾಲೆಂಡರನ್ನು ಪಂಚಾಯಿತಿಗೆ ಕೊಟ್ಟೆ: ಮೈದಾನವನ್ನು ಮೈದಾನ ಎಂದೇ ಬರೆದಿಡಿ, ಒಂದು ಕೋಣೆ ಕೊಡಿ. "ನೋಡೂಣ್ರಿ" ಎಂದರು. ಆ ಮಾತಿನ ಅರ್ಥ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರೂ ಇಲ್ಲ. ಅದಕ್ಕೇ ಪ್ರತಿ ಸೋಮವಾರ ಹೋಗಿ ಕೂರುತ್ತೇನೆ. ಈಗ ನನ್ನನ್ನು ಕಂಡರೆ ಅವರೇ ಚಹಾ ತರಿಸುತ್ತಾರೆ.

ಕಲ್ಲು ಸರಿಸಿದ ದಿನ ಸಂಜೆ ಹುಡುಗಿಯರು ಒಳಗೆ ಬಟ್ಟೆ ಬದಲಿಸುತ್ತಿದ್ದಾಗ ನಾನು ಬೂಟು ಹಾಕಿಕೊಂಡು ಸುಣ್ಣದ ಪುಟ್ಟಿ ಹಿಡಿದು ಹೋಗಿ ಗೆರೆ ಎಳೆದೆ. ನಮ್ಮವರಷ್ಟು ನೆಟ್ಟಗೆ ಬರಲಿಲ್ಲ. ಒಂದು ಚೌಕ ಸೊಟ್ಟಾಯಿತು. "ಇರಲಿ ಬಿಡ್ರಿ ಅಕ್ಕಾರ, ಅದರಾಗ ನಾ ಕುಂಡ್ರತೇನಿ" ಎಂದಳು ಮುಬೀನಾ.

ಕತ್ತಲಾಗುವ ಮುಂಚೆ ಎಲ್ಲರೂ ಮನೆಗೆ ಹೋದರು. ಬಾಗಿಲಲ್ಲಿ ಕೂತು ಬೂಟು ಬಿಚ್ಚಿ ತಿರುವಿ ನೋಡಿದೆ. ಅಡಿಯ ಗೆರೆಗಳಲ್ಲಿ ಕೆಂಪು ಮಣ್ಣು ತುಂಬಿಕೊಂಡಿತ್ತು, ಜೊತೆಗೆ ಒಂದಿಷ್ಟು ಸುಣ್ಣ. ಬಾಗಿಲ ಹಿಂದೆ ಇಟ್ಟೆ. ಬೆಳಿಗ್ಗೆ ಕಸ ಗುಡಿಸುವಾಗ ಅವನ್ನು ಎತ್ತಿ ಬದಿಗಿಟ್ಟು, ಅವು ಇದ್ದ ಜಾಗವನ್ನೂ ಗುಡಿಸಿದೆ.